ಸಹಾಯ ಬೇಕು: ಆಯಿಲ್‌ನಲ್ಲೇ ಓಡುವ ಟೈಮಿಂಗ್ ಬೆಲ್ಟ್ ಗೊತ್ತಿರುವ ಮೆಕ್ಯಾನಿಕ್ (ಮೈಸೂರು/ಮಂಡ್ಯ)

ಎಲ್ಲರಿಗೂ ನಮಸ್ಕಾರ. 3 ಸಿಲಿಂಡರ್ ಟರ್ಬೊ ಪೆಟ್ರೋಲ್ ಕಾರು, 82,000 ಕಿ.ಮೀ. ಆಗಿದೆ. ಎಂಜಿನ್ ಬಿಸಿಯಾಗಿ ಸಿಗ್ನಲ್‌ನಲ್ಲಿ ನಿಂತರೆ ಕೆಂಪು ಆಯಿಲ್ ದೀಪ ಮಿಣುಕುತ್ತೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಸರಿಯಾಗೇ ಇದೆ. ಬ್ರೇಕ್ ಪೆಡಲ್ ಆಗಾಗ ಕಲ್ಲಿನ ಹಾಗೆ ಗಟ್ಟಿ. ಆ ದೀಪ ಹೊತ್ತಿಸುವ ಆಯಿಲ್ ಪ್ರೆಷರ್ ಸ್ವಿಚ್ ಹೊಸದು ಹಾಕಿದ್ದಾಯ್ತು, ಏನೂ ಬದಲಾಗಿಲ್ಲ.

ಅನುಮಾನ ಟೈಮಿಂಗ್ ಬೆಲ್ಟಿನ ಮೇಲೆ (ಎಂಜಿನ್‌ನ ಕ್ರ್ಯಾಂಕ್, ಕ್ಯಾಮ್ ಶಾಫ್ಟ್‌ಗಳನ್ನು ತಾಳ ತಪ್ಪದೆ ತಿರುಗಿಸುವ ಬೆಲ್ಟ್). ಇದರ ರಬ್ಬರು ಆಯಿಲ್‌ನಲ್ಲಿ ನೆಂದು ಉಬ್ಬಿ, ಅಂಚು ಕಿತ್ತು, ಆ ಕರಿ ಚೂರು ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಒಳಗಿನ ಸ್ಟ್ರೈನರ್ ಜಾಲರಿಗೆ ಮೆತ್ತಿಕೊಳ್ಳುತ್ತೆ. ಆಯಿಲ್ ಮೇಲೇರದೆ ಬೇರಿಂಗ್, ಟರ್ಬೊ ಎರಡೂ ಹೋಗುತ್ತವೆ. ಅದೇ ಚೂರು ವ್ಯಾಕ್ಯೂಮ್ ಪಂಪಿನ ಜಾಲರಿಗೂ ಕಟ್ಟಿದರೆ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್ ಸೋಲುತ್ತೆ. ಭಯ ಇರೋದು ಇದಕ್ಕೇ.

ಸ್ವಿಚ್ ಬಿಚ್ಚಿ, ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಹಾಕಿ, ಬಿಸಿ ಎಂಜಿನ್‌ನಲ್ಲಿ ಐಡಲ್ ಮತ್ತು 2,000 ಆರ್‌ಪಿಎಂನಲ್ಲಿ ಪ್ರೆಷರ್ ಅಳೆಯಬೇಕು. ಆಮೇಲೆ ಸಂಪ್ ಇಳಿಸಿ ಜಾಲರಿ ನೋಡಬೇಕು. ಫ್ಲಶ್ (ಎಂಜಿನ್ ಒಳಗೆ ತೊಳೆಯುವ ದ್ರಾವಣ) ಹಾಕೋಣ ಅನ್ನುವವರು ದಯವಿಟ್ಟು ಬೇಡ, ಸಡಿಲವಾದ ರಬ್ಬರು ಇನ್ನಷ್ಟು ಉದುರುತ್ತೆ.

ಕ್ರ್ಯಾಂಕ್, ಕ್ಯಾಮ್ ಲಾಕ್ ಮಾಡುವ ಟೂಲ್ ಕಿಟ್ ಇರುವವರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ, ಬನ್ನಿಮಂಟಪ ಅಥವಾ ಮಂಡ್ಯ ಕಡೆ ಯಾರಾದರೂ ಇದ್ದಾರಾ? ಕಾರು ಓಡಿಸುತ್ತಿಲ್ಲ, ಫ್ಲಾಟ್‌ಬೆಡ್‌ನಲ್ಲೇ ತರಬೇಕು. ಬೆಲ್ಟ್, ಟೆನ್ಷನರ್, ಸ್ಟ್ರೈನರ್, ಆಯಿಲ್ ಸೇರಿ ಅಂದಾಜು ಖರ್ಚನ್ನೂ ತಿಳಿಸಿ.