‘ಜೀರ್ಣೋದ್ಧಾರ’ ಮಾಡದ ಕಾರಿಗೆ ಏನನ್ನೋಣ?

ಪದಬಲ್ಲವರಿಗೆಲ್ಲ ತುಮಕೂರಿನಿಂದ ನಮಸ್ಕಾರ.

ನನಗೊಂದು ಪದ ಬೇಕಾಗಿದೆ. ಬರೆಯುತ್ತ ಹೋದರೆ ಎರಡೋ ಮೂರೋ ಆದೀತು. ಆದರೆ ಹದಿನೈದು ದಿನದಿಂದ ತಲೆ ತಿನ್ನುತ್ತಿರುವುದು ಒಂದೇ.

ಹೋದ ವರ್ಷ ಮಗನ ಮನೆಗೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿದ್ದಾಗ ಅಲ್ಲಿನ ಮರ್ಸಿಡಿಸ್ ಬೆಂಜ್ ಮ್ಯೂಸಿಯಂ ನೋಡಿದೆ. ಲಿಫ್ಟಿನಲ್ಲಿ ನೇರ ತುದಿಯ ಮಹಡಿಗೆ ಹೋಗಿ, ಅಲ್ಲಿಂದ ಸುತ್ತು ಸುತ್ತಾಗಿ ಇಳಿಯುತ್ತ ನೋಡುವ ಹಾಗೆ ಕಟ್ಟಿದ್ದಾರೆ. ಮೇಲೆ ಕಾಲಿಟ್ಟಾಗ ಮೊದಲು ಎದುರಾಗುವುದು ಒಂದು ಬಿಳಿ ಕುದುರೆಯ ಪ್ರತಿಮೆ. ಇಳಿದಿಳಿದು ಬಂದರೆ ಕೊನೆಯ ಘಟ್ಟದಲ್ಲಿ, ಬಾಣಲೆಯ ಅಂಚಿನ ಹಾಗೆ ಓರೆಯಾಗಿ ಎದ್ದ ರಸ್ತೆಯ ಮೇಲೆ ಹಳೆಯ ರೇಸ್ ಕಾರುಗಳ ಸಾಲು. ಎದುರಿಗಿದ್ದ ಮೆಟ್ಟಿಲ ಮೇಲೆ ನಾನು ಎರಡು ಗಂಟೆ ಕೂತುಬಿಟ್ಟೆ. ಗ್ಯಾರೇಜಿನ ಮನೆಯಲ್ಲಿ ಹುಟ್ಟಿದವಳು ನಾನು. ನಮ್ಮಪ್ಪ ಬಿ.ಎಚ್. ರಸ್ತೆಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವರು, ಈಗ ಅಣ್ಣ ಅಂತರಸನಹಳ್ಳಿ ಕಡೆ ಅದೇ ಕೆಲಸ ಮಾಡುತ್ತಾನೆ. ಆ ಸಾಲು ನೋಡುತ್ತ ಅಪ್ಪ ಇರಬೇಕಿತ್ತು ಅನ್ನಿಸಿತು.

ನಾನು ಮೊದಲು ಕನ್ನಡ ಪಾಠ ಹೇಳುತ್ತಿದ್ದ ಹೈಸ್ಕೂಲಿನ ಮಕ್ಕಳು ಈಗ ವಸ್ತುಪ್ರದರ್ಶನ ಮಾಡುತ್ತಿದ್ದಾರೆ. ಬೇರೆ ಬೇರೆ ದೇಶಗಳ ಮ್ಯೂಸಿಯಂಗಳಲ್ಲಿರುವ ಅಪರೂಪದ ರೇಸ್ ಕಾರುಗಳ ಬಗ್ಗೆ ಹತ್ತು ಫಲಕ. ಚಿತ್ರ ಅವರದು, ಅಡಿಬರಹ ನನ್ನದು. ಆರು ಫಲಕ ಸಲೀಸಾಗಿ ಮುಗಿದವು. ಏಳನೆಯದರಲ್ಲಿ ಸಿಕ್ಕಿಬಿದ್ದಿದ್ದೇನೆ.

ಆ ಫಲಕದ ಕಾರು ಇರುವುದು ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಸಿಮಿಯೋನ್ ಮ್ಯೂಸಿಯಂನಲ್ಲಿ. ನರಗಳ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಫ್ರೆಡೆರಿಕ್ ಸಿಮಿಯೋನ್ ಎಂಬ ಡಾಕ್ಟರು ಕೂಡಿಹಾಕಿದ ರೇಸ್ ಕಾರುಗಳ ಸಂಗ್ರಹ ಅದು. ಅದರಲ್ಲಿ 1964ರ ಶೆಲ್ಬಿ ಕೋಬ್ರಾ ಡೇಟೋನಾ ಕೂಪೆ ಎಂಬ ಕಾರಿದೆ. ಆ ಮಾದರಿಯಲ್ಲಿ ಆರೇ ಆರು ಆದವು, ಇದು ಚೊಚ್ಚಲು. ಬಹಳ ವರ್ಷ ಕ್ಯಾಲಿಫೋರ್ನಿಯಾದ ಒಂದು ಬಾಡಿಗೆ ಗೋದಾಮಿನಲ್ಲಿ ಯಾರ ಕಣ್ಣಿಗೂ ಬೀಳದೆ ಇತ್ತು. 2014ರಲ್ಲಿ ಅಮೆರಿಕದವರು ಐತಿಹಾಸಿಕ ವಾಹನಗಳ ರಾಷ್ಟ್ರೀಯ ದಾಖಲೆ ಶುರು ಮಾಡಿದಾಗ ಮೊದಲು ಸೇರಿದ್ದು ಇದೇ ಕಾರು. ಇಷ್ಟು ಬೆಲೆಯ ಕಾರನ್ನು ಅವರು ಹೊಸದು ಮಾಡಿಲ್ಲ. ಬಣ್ಣ ಚಕ್ಕೆ ಎದ್ದಿದ್ದರೆ ಎದ್ದ ಹಾಗೇ, ಗೀರು ಬಿದ್ದಿದ್ದರೆ ಬಿದ್ದ ಹಾಗೇ ಇಟ್ಟಿದ್ದಾರೆ. ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು, ಮೊದಲ ಬಣ್ಣ ಒಮ್ಮೆ ಹೋದರೆ ಮತ್ತೆ ಬಾರದು ಎಂಬುದು ಆ ಡಾಕ್ಟರರ ನಿಲುವು.

ಈಗ ಇದನ್ನು ಕನ್ನಡದಲ್ಲಿ ಒಂದು ಸಾಲಿನಲ್ಲಿ ಹೇಳಬೇಕು. ನಾನು ಮೊದಲು ಬರೆದದ್ದು ‘ಜೀರ್ಣೋದ್ಧಾರ ಮಾಡದ ಕಾರು’. ಓದಿದ ಹುಡುಗಿಯೊಬ್ಬಳು, “ಮಿಸ್, ಜೀರ್ಣ ಅಂದ್ರೆ ಅರಗೋದಲ್ವಾ?” ಅಂದಳು. ತಪ್ಪೇನಿಲ್ಲ. ತಿಂದದ್ದು ಜೀರ್ಣವಾಗುತ್ತದೆ, ಗುಡಿಯೂ ಜೀರ್ಣವಾಗುತ್ತದೆ, ಕಾಲ ಅದನ್ನು ಅರಗಿಸಿಕೊಳ್ಳುತ್ತದೆ. ಆದರೆ ನನಗೆ ಮುಜುಗರವಾದದ್ದು ‘ಉದ್ಧಾರ’ದ ಬಗ್ಗೆ. ‘ಉದ್ಧಾರ ಮಾಡದ’ ಅಂದೊಡನೆ ಆ ಕಾರನ್ನು ಯಾರೂ ನೋಡಿಕೊಳ್ಳಲಿಲ್ಲ, ಪಾಪ, ಎಂಬ ಧ್ವನಿ ಬರುತ್ತದೆ. ಇಲ್ಲಿರುವುದು ಅದರ ತದ್ವಿರುದ್ಧ. ನೋಡಿಕೊಂಡಿರುವುದರಿಂದಲೇ ಮುಟ್ಟದೆ ಬಿಟ್ಟಿದ್ದಾರೆ.

ಈ ಪದದ ಬಗ್ಗೆ ನನಗೊಂದು ನೋವೂ ಇದೆ. ನಮ್ಮ ತಾಯಿಯ ಊರಿನಲ್ಲಿ ಒಂದು ಹಳೆಯ ಗುಡಿ. ಬಾಗಿಲವಾಡದ ಪಕ್ಕದ ಕಲ್ಲಿನಲ್ಲಿ ನಾಲ್ಕೈದು ಸಾಲು ಅಕ್ಷರ ಇದ್ದವು. ಚಿಕ್ಕವಳಿದ್ದಾಗ ಅದರ ಮೇಲೆ ಬೆರಳಾಡಿಸುತ್ತಿದ್ದೆ. ಜೀರ್ಣೋದ್ಧಾರದ ಹೆಸರಿನಲ್ಲಿ ನೆಲಕ್ಕೆ ಗ್ರಾನೈಟು ಬಂತು, ಕಂಬಗಳಿಗೆ ಎನಾಮಲ್ ಪೇಂಟು ಬಂತು, ಆ ಅಕ್ಷರಗಳ ಮೇಲೂ ಮೂರು ಕೋಟು ಬಿತ್ತು. ಈಗ ಬೆರಳಿಗೆ ಸಿಗುವುದು ನುಣುಪು ಮಾತ್ರ. ಮಾಡಿದವರು ಭಕ್ತಿಯಿಂದಲೇ ಮಾಡಿದರು. ಆದರೂ ಆ ಪದ ಕೇಳಿದರೆ ನನಗೆ ಆ ಪೇಂಟಿನ ವಾಸನೆ ಬರುತ್ತದೆ.

ಹಾಗಂತ ಪದವನ್ನೇ ಬೈಯಲಾರೆ. ಹಳೆಯ ದತ್ತಿ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ’ ಎಂದು ಭೂಮಿ ಬಿಟ್ಟದ್ದು ಮತ್ತೆ ಮತ್ತೆ ಬರುತ್ತದೆ. ಖಂಡ ಅಂದರೆ ಮುರಿದದ್ದು, ಸ್ಫುಟಿತ ಅಂದರೆ ಬಿರುಕು ಬಿಟ್ಟದ್ದು, ಜೀರ್ಣ ಅಂದರೆ ಸವೆದು ಶಿಥಿಲವಾದದ್ದು. ಎಷ್ಟು ಅಳತೆಯ ಮಾತು ನೋಡಿ! ಮುರಿದದ್ದನ್ನು ಕೂಡಿಸು, ಬಿರುಕನ್ನು ಮುಚ್ಚು, ಬೀಳುವುದನ್ನು ಎತ್ತಿ ನಿಲ್ಲಿಸು. ಇದ್ದದ್ದನ್ನು ಕಿತ್ತು ಹೊಸದು ಕಟ್ಟು ಎಂಬ ಅರ್ಥ ಅದರೊಳಗೆ ಇಲ್ಲ. ನಾವು ಮೊದಲಿನ ಎರಡನ್ನು ಬಿಟ್ಟು ಮೂರನೆಯದನ್ನು ಉಳಿಸಿಕೊಂಡೆವು, ಆಮೇಲೆ ಅದರೊಳಕ್ಕೆ ಸಿಮೆಂಟು ತುಂಬಿದೆವು. ಮ್ಯೂಸಿಯಂನವರು ಇವತ್ತು ಬೇರೆ ಬೇರೆ ಹೆಸರಿಟ್ಟು ಮಾಡುವ ಕೆಲಸಗಳನ್ನು ನಮ್ಮ ಶಾಸನ ಬರೆದವರು ಒಂದೇ ಸಮಾಸದಲ್ಲಿ ಬಿಡಿಸಿ ಇಟ್ಟಿದ್ದರು.

ಪತ್ರಿಕೆಗಳು ಬಳಸುವ ‘ಪುನಶ್ಚೇತನ’ವನ್ನೂ ‘ನವೀಕರಣ’ವನ್ನೂ ನೋಡಿದೆ. ನವೀಕರಣ ಲೈಸೆನ್ಸಿಗೆ ಸರಿ. ಪುನಶ್ಚೇತನವನ್ನು ಕೆರೆಗೆ ಬಿಟ್ಟುಕೊಡೋಣ. ‘ಸಂರಕ್ಷಿತ’ ಅಂದರೆ ತಂತಿಬೇಲಿ ಮತ್ತು ನೀಲಿ ಬೋರ್ಡು ಕಣ್ಣಿಗೆ ಬರುತ್ತದೆ.

ಕೊನೆಗೆ ದಾರಿ ತೋರಿಸಿದ್ದು ಅಣ್ಣ. ಅವನಿಗೆ ಕಾರಿನ ಫೋಟೊ ತೋರಿಸಿ ಕಥೆ ಹೇಳಿದೆ. “ಅಂದ್ರೆ ಕೈ ಹಾಕಿಲ್ಲ ಅನ್ನು. ಇಂಜಿನ್ನೂ ಬಿಚ್ಚಿಲ್ವಾ?” ಅಂದ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ ಅದೇ: ಇಂಜಿನ್ ಬಿಚ್ಚಿದ್ದಾರಾ, ಬಿಚ್ಚಿಲ್ವಾ? ಟಿಂಕರಿಂಗ್ ಆಗಿದೆಯಾ? ಪೇಂಟು ಕಂಪನಿದಾ, ಹೊಡೆಸಿದ್ದಾ? ‘ಬಿಚ್ಚಿಲ್ಲ’ ಎಂಬುದು ಅಲ್ಲಿ ಮೆಚ್ಚುಗೆಯ ಮಾತು. ಬೆಲೆ ಅದರ ಮೇಲೆ ನಿಂತಿರುತ್ತದೆ. ಫಿಲಡೆಲ್ಫಿಯಾದ ಡಾಕ್ಟರು ಹೇಳಿದ್ದೂ ಅಂತರಸನಹಳ್ಳಿಯ ಮೆಕ್ಯಾನಿಕ್ಕು ಕೇಳುವುದೂ ಹತ್ತಿರ ಹತ್ತಿರ ಒಂದೇ. ಹಾಗಾಗಿ ‘ಕೈ ಹಾಕದ ಕಾರು’ ಅಂತ ಬರೆದಿದ್ದೇನೆ. ನನಗೆ ಇದು ಹಿಡಿಸಿದೆ. ಆದರೆ ‘ಕೈ ಹಾಕು’ವಿಗೆ ಬೇರೆ ಕೆಟ್ಟ ಅರ್ಥಗಳೂ ಇವೆ, ಮಕ್ಕಳ ಫಲಕದಲ್ಲಿ ಹೊಂದೀತೇ ಎಂಬ ಅಳುಕು. ‘ಕೈಯಿಕ್ಕದ’ ಅಂದರೆ ತೀರಾ ಹಳತಾಯಿತೇ?

ಇದು ಅರ್ಧ ದಾರಿ. ನಿಜವಾದ ತೊಡಕು ಮುಂದಿದೆ.

ಕೈ ಹಾಕದೆ ಬಿಟ್ಟಾಗ ಉಳಿಯುತ್ತದಲ್ಲ, ಆ ಮೇಲ್ಮೈಗೆ ಏನು ಹೆಸರು? ಸೀಟಿನ ತೊಗಲಿನ ಮೇಲೆ ಚಾಲಕರ ಬೆನ್ನು ಮೂಡಿಸಿದ ಕಪ್ಪು, ಸ್ಟೀರಿಂಗಿನ ಮರದ ಮೇಲೆ ಅಂಗೈ ತಂದ ಹೊಳಪು, ಅಲ್ಯೂಮಿನಿಯಂ ತಗಡಿನ ಮಂಕು. ಇಂಗ್ಲಿಷಿನವರು ಇಟಲಿಯಿಂದ ತಂದ ‘ಪಟೀನಾ’ ಅನ್ನುತ್ತಾರೆ, ಅದು ಹೊಗಳಿಕೆ. ನಮ್ಮಲ್ಲಿ ಹುಡುಕಿದರೆ ಸಿಗುವುದೆಲ್ಲ ತೆಗಳಿಕೆ. ಕಿಲುಬು? ಹುಣಸೆಹಣ್ಣಿನ ಸೀಮೆಯವರು ನಾವು, ಕಿಲುಬು ಕಂಡರೆ ತಿಕ್ಕದೆ ಬಿಟ್ಟವರಲ್ಲ. ಮಾಸಲು? ಒಗೆಯಲು ಹಾಕಿದ ಬಟ್ಟೆ. ಸವಕಲು? ಚಲಾವಣೆಯಾಗದ ನಾಣ್ಯ, ಹೇಳಿ ಹೇಳಿ ಹಳಸಿದ ಮಾತು. ‘ಕಾಲದ ಕಳೆ’ ಅಂತ ಬರೆದು ಒಂದು ದಿನ ಖುಷಿಯಾಗಿದ್ದೆ. ಮುಖದ ಕಳೆ ಅನ್ನುತ್ತೇವಲ್ಲ, ಆ ಕಳೆ. ಮಾರನೆಯ ದಿನ ನೋಡಿದರೆ ಹುಡುಗನೊಬ್ಬ ಅದನ್ನು ‘ಕಾಲದ ಕಲೆ’ ಅಂತ ಗೋಟು ಹಾಕಿ ಬರೆದುಬಿಟ್ಟಿದ್ದ. ಕಲೆ ಅಂದರೆ ಬಟ್ಟೆಗೆ ಅಂಟುವುದೂ ಹೌದು, ಶಿಲ್ಪ ಚಿತ್ರವೂ ಹೌದು. ಕಳೆ ಅಂದರೆ ಹೊಲದಲ್ಲಿ ಕೀಳುವುದೂ ಹೌದು. ಅಷ್ಟೊಂದು ಅರ್ಥ ಹೊತ್ತ ಪದ ಅಡಿಬರಹಕ್ಕೆ ಆಗಿಬರುವುದಿಲ್ಲ.

ಮೊನ್ನೆ ಬೆಳಿಗ್ಗೆ ದೋಸೆ ಹೊಯ್ಯುವಾಗ ಅಮ್ಮ ಒಳಗಿಂದಲೇ ಕೂಗಿದರು: “ಹೆಂಚಿಗೆ ಸೋಪು ಹಾಕ್‌ಬ್ಯಾಡ ಕಣವ್ವ, ಪಳಗಿರಾದು ಹೋಗ್ಬಿಡ್ತದೆ!” ನಲವತ್ತು ವರ್ಷದಿಂದ ಕೇಳುತ್ತಿರುವ ಮಾತು, ಅವತ್ತು ಕಿವಿ ನಿಮಿರಿತು. ಪಳಗುವುದು ಅಂದರೆ ಅದೇ ಅಲ್ಲವೇ? ಎಣ್ಣೆ, ಬೆಂಕಿ, ಕೈ, ಕಾಲ ಎಲ್ಲ ಸೇರಿ ಕಬ್ಬಿಣಕ್ಕೆ ತರುವ ಕಪ್ಪು. ಅದು ಕೊಳೆಯಲ್ಲ, ತಿಕ್ಕಿದವರಿಗೆ ಬೈಗುಳ. ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗದು, ಬಳಸಿಯೇ ಬರಬೇಕು. ಕರು ನೊಗಕ್ಕೆ ಪಳಗುತ್ತದೆ, ಕೈ ಕೆಲಸಕ್ಕೆ ಪಳಗುತ್ತದೆ, ಹೆಂಚು ದೋಸೆಗೆ ಪಳಗುತ್ತದೆ. ರೇಸಿಗೆ ಪಳಗಿದ ಕಾರಿನ ಮೈಗೆ ‘ಪಳಗಿದ ಮೈ’ ಅನ್ನಬಹುದೇ? ಕ್ರಿಯಾಪದ ಸಿಕ್ಕಿದೆ, ನಾಮಪದ ಸಿಕ್ಕಿಲ್ಲ. ‘ಪಳಗಿರಾದು’ ಅಂತ ಅಮ್ಮ ಅಂದ ಹಾಗೆ ಬರೆಯಲಾರೆ, ‘ಪಳಗುವಿಕೆ’ ಪಠ್ಯಪುಸ್ತಕದ ಬಾಯಿ. ಇದೇ ನನ್ನ ಮುಖ್ಯ ಪ್ರಶ್ನೆ.

ಬಣ್ಣದ ಮಾತು ಬಂದಿದ್ದರಿಂದ ಒಂದು ಕಥೆ. 1934ರಲ್ಲಿ ಗ್ರಾಂ ಪ್ರೀ ಕಾರುಗಳ ತೂಕ 750 ಕಿಲೋ ಮೀರಬಾರದೆಂದು ನಿಯಮ ಬಂತು. ಬೆಂಜ್‌ನವರ ಕಾರು ಒಂದು ಕಿಲೋ ಹೆಚ್ಚು ತೂಗಿತಂತೆ, ರಾತ್ರಿಯಿಡೀ ಕೂತು ಬಿಳಿ ಬಣ್ಣವನ್ನೆಲ್ಲ ಹೆರೆದು ತೆಗೆದರಂತೆ, ಬೆಳಗಾಗುವಾಗ ತಗಡು ಬೆಳ್ಳಿಯ ಹಾಗೆ ಹೊಳೆಯಿತಂತೆ. ಬೆಂಜ್ ರೇಸ್ ಕಾರುಗಳಿಗೆ ಬಂದ ‘ಬೆಳ್ಳಿ ಬಾಣ’ ಎಂಬ ಹೆಸರಿಗೆ ಈ ಕಥೆ ಹೇಳುತ್ತಾರೆ. ಇತಿಹಾಸಕಾರರು ಇದನ್ನು ಒಪ್ಪುವುದು ಕಷ್ಟ, ಅದಕ್ಕೇ ಎಲ್ಲ ಕ್ರಿಯಾಪದಕ್ಕೂ ‘ಅಂತೆ’ ಹಚ್ಚಿದ್ದೇನೆ. ಕನ್ನಡದ ಈ ‘ಅಂತೆ’ ಮ್ಯೂಸಿಯಂ ಫಲಕಗಳಿಗೆ ಎಷ್ಟು ಒದಗಿಬರುತ್ತದೆ ಅಂದರೆ, ಅದನ್ನು ಯಾರೂ ‘ಎನ್ನಲಾಗಿದೆ’ ಅಂತ ತಿದ್ದಬೇಡಿ ಎಂದು ಮಕ್ಕಳಿಗೆ ಹೇಳಿದ್ದೇನೆ. ‘ಹೆರೆ’ ಸರಿಯೋ ‘ಕೆರೆ’ ಸರಿಯೋ? ನನಗೆ ಕೆರೆಯುವುದು ಉಗುರಿನದು, ಹೆರೆಯುವುದು ಅಲಗಿನದು.

ಇನ್ನೊಂದು ಪ್ರಶ್ನೆ, ಇದರ ಮೇಲೂ ನನಗೆ ಆಸೆಯಿದೆ. ಹಳೆಯ ರೇಸುಗಳಲ್ಲಿ ಚಾಲಕನ ಪಕ್ಕ ಒಬ್ಬ ಮೆಕ್ಯಾನಿಕ್ಕು ಕೂರುತ್ತಿದ್ದ. ಆಯಿಲ್ ಪಂಪು ಒತ್ತುವುದು, ಟೈರು ನೋಡುವುದು, ಹಿಂದಿನಿಂದ ಯಾರು ಬಂದರೆಂದು ಕೂಗುವುದು ಅವನ ಪಾಲು. 1911ರಲ್ಲಿ ಇಂಡಿಯಾನಾಪೊಲಿಸ್‌ನ ಮೊದಲ 500 ಮೈಲಿ ರೇಸಿಗೆ ರೇ ಹ್ಯಾರೂನ್ ಮಾತ್ರ ಒಬ್ಬನೇ ಬಂದ. ಹಿಂದೆ ನೋಡುವವರು ಯಾರೆಂದು ಉಳಿದವರು ತಕರಾರು ತೆಗೆದಾಗ ಕಾರಿನ ಮೇಲೆ ಕನ್ನಡಿ ಕಟ್ಟಿಕೊಂಡ. ಷಿಕಾಗೊದಲ್ಲಿ ಒಂದು ಕುದುರೆ ಗಾಡಿಗೆ ಹಾಗೆ ಕಟ್ಟಿದ್ದನ್ನು ನೋಡಿದ್ದನಂತೆ. 6 ಗಂಟೆ 42 ನಿಮಿಷದಲ್ಲಿ ಅವನೇ ಗೆದ್ದ. ಇಟ್ಟಿಗೆ ಹಾಸಿದ ದಾರಿಯಲ್ಲಿ ಆ ಕನ್ನಡಿ ಅದುರಿ ಅದುರಿ ಏನೂ ಕಾಣುತ್ತಿರಲಿಲ್ಲ ಎಂದು ಆಮೇಲೆ ಅವನೇ ಹೇಳಿದ್ದಾನೆ. ಅವನ ಹಳದಿ ಬಣ್ಣದ ಕಾರು ಮಾರ್ಮನ್ ವಾಸ್ಪ್, ಅಂದರೆ ಕಣಜದ ಹುಳು, ಈಗಲೂ ಅಲ್ಲಿಯ ಮ್ಯೂಸಿಯಂನಲ್ಲಿದೆ.

ಆ ಪಕ್ಕದವನಿಗೆ ನಾನು ‘ಕ್ಲೀನರ್’ ಎಂದು ಬರೆದಿದ್ದೇನೆ. ತುಮಕೂರಿನಲ್ಲಿ ಲಾರಿಯ ಕ್ಲೀನರ್ ಮಾಡುವುದು ಅಷ್ಟನ್ನೂ: ಹಿಂದೆ ಇಳಿದು ‘ಬರ್ಲಿ ಬರ್ಲಿ’ ಅನ್ನುವುದು, ಟೈರು ತಟ್ಟಿ ನೋಡುವುದು, ಘಾಟಿಯಲ್ಲಿ ಚಕ್ರಕ್ಕೆ ಕಲ್ಲು ಕೊಡುವುದು. ಜೊತೆಯ ಟೀಚರೊಬ್ಬರು ಅದು ಗೌರವ ಸಾಲದ ಪದ, ‘ಸಹಚಾಲಕ’ ಮಾಡಿ ಅಂದರು. ನನಗೆ ಕ್ಲೀನರ್ ಕೆಲಸದಲ್ಲಿ ಅಗೌರವ ಕಾಣುವುದಿಲ್ಲ, ನಮ್ಮಪ್ಪ ಶುರು ಮಾಡಿದ್ದೇ ಅಲ್ಲಿಂದ. ಆದರೆ 1955ರ ಮಿಲ್ಲೆ ಮಿಲಿಯಾದ ಡೆನಿಸ್ ಜೆಂಕಿನ್ಸನ್‌ಗೆ ಅದು ಹೊಂದುವುದಿಲ್ಲ, ಒಪ್ಪುತ್ತೇನೆ. ಇಟಲಿಯ ಊರೂರ ರಸ್ತೆಗಳಲ್ಲಿ ಸುಮಾರು 1,600 ಕಿಲೋಮೀಟರ್ ಓಟ. ಬೆಳಿಗ್ಗೆ 7 ಗಂಟೆ 22 ನಿಮಿಷಕ್ಕೆ ಹೊರಟಿದ್ದರಿಂದ ಕಾರಿನ ಮೇಲೆ 722 ಎಂದು ಬರೆದಿತ್ತು. ಸ್ಟರ್ಲಿಂಗ್ ಮಾಸ್ ಓಡಿಸುತ್ತಿದ್ದರೆ ಜೆಂಕಿನ್ಸನ್ ಹದಿನೆಂಟು ಅಡಿ ಉದ್ದದ ಕಾಗದದ ಸುರುಳಿಯನ್ನು ಜಾತಕದ ಹಾಗೆ ಬಿಚ್ಚುತ್ತ, ಮುಂದಿನ ತಿರುವು ಎಂಥದೆಂದು ಕೈಸನ್ನೆಯಲ್ಲಿ ಹೇಳುತ್ತ ಹೋದ, ಸದ್ದಿನಲ್ಲಿ ಮಾತು ಕೇಳುವ ಹಾಗಿರಲಿಲ್ಲ. 10 ಗಂಟೆ 7 ನಿಮಿಷ 48 ಸೆಕೆಂಡಿಗೆ ಮುಗಿಸಿ ಗೆದ್ದರು. ಇವನು ಸಾರಥಿಯೋ? ಚಕ್ರ ಹಿಡಿದವನು ಮಾಸ್, ದಾರಿ ಕಂಡವನು ಇವನು. ರಥದಲ್ಲಿ ಬಾಣ ಬಿಡುವವನೊಬ್ಬ, ಕುದುರೆ ನಡೆಸುವವನೊಬ್ಬ. ಇಲ್ಲಿ ಆ ಹಂಚಿಕೆ ಇಲ್ಲ. ಸದ್ಯಕ್ಕೆ ‘ದಾರಿಗಾರ’ ಎಂದು ಪೆನ್ಸಿಲ್ಲಿನಲ್ಲಿ ಬರೆದು ಬಿಟ್ಟಿದ್ದೇನೆ.

ಸಣ್ಣದೊಂದು: ‘ಅಪರೂಪ’ ಸಂಸ್ಕೃತದಲ್ಲಿ ಅಂದಗೆಟ್ಟದ್ದು, ಕನ್ನಡಕ್ಕೆ ಬಂದು ಸಿಗಲಾರದ್ದು. ಆ ಕಾರುಗಳಲ್ಲಿ ಕೆಲವನ್ನು ನೋಡಿದರೆ ಎರಡು ಅರ್ಥವೂ ಒಟ್ಟಿಗೆ ನಿಲ್ಲುತ್ತವೆ. ಇದನ್ನು ಬದಲಿಸುವ ಯೋಚನೆಯಿಲ್ಲ.

ಫಲಕಗಳು ಬರುವ ಸೋಮವಾರ ಪ್ರೆಸ್ಸಿಗೆ ಹೋಗುತ್ತವೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರೇ, ನಿಮ್ಮ ಮನೆಗಳಲ್ಲಿ ಹೆಂಚಿನ ಆ ಕಪ್ಪಿಗೆ, ನೇಗಿಲ ಮೇಣಿಯಲ್ಲಿ ಅಂಗೈ ಸವೆದು ಬಂದ ಹೊಳಪಿಗೆ, ಅಜ್ಜಿಯ ಒನಕೆಯ ನಡುವಿನ ನುಣುಪಿಗೆ ಹೆಸರಿದೆಯೇ? ಕಾರಿನ ಬಗ್ಗೆ ಗೊತ್ತಿಲ್ಲವೆಂದು ಸುಮ್ಮನಿರಬೇಡಿ. ಒನಕೆಯ ಪದ ಹೇಳಿದರೂ ಸಾಕು, ಕಾರಿಗೆ ನಾನು ಹಚ್ಚಿಕೊಳ್ಳುತ್ತೇನೆ.