ಹಬ್ಬದ ಊಟ ಆಯ್ತು, ಅಮ್ಮನಿಗೆ ಥ್ಯಾಂಕ್ಸ್ ಹೇಳಲಿಲ್ಲ

ಪ್ರಶ್ನೆ: ಅಪ್ಪ ಹೋದ ಮೇಲೆ ಇದೇ ಮೊದಲ ಹಬ್ಬ. ಹನ್ನೊಂದು ಜನ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ಅಮ್ಮ ಎಲ್ಲರಿಗೂ ಬಡಿಸಿ, ಕೊನೆಗೆ ಅಡುಗೆಮನೆಯಲ್ಲಿ ನಿಂತೇ ತಿಂದರು. ನನಗೆ ಗಂಟಲು ಕಟ್ಟಿತು, ಮಾತೇ ಬರಲಿಲ್ಲ. ಮನೆಯವರಿಗೆ ಥ್ಯಾಂಕ್ಸ್ ಅಂದರೆ ಹೊರಗಿನವರ ಹಾಗೆ ಆಗುತ್ತದೆ, ಅಲ್ವಾ? ನೀವು ಹೇಗೆ ಹೇಳುತ್ತೀರಿ?

ಉತ್ತರ 1: ಮುಂದಿನ ಸಲ ಅವರನ್ನು ಮೊದಲು ಕೂರಿಸಿ, ನೀವು ಬಡಿಸಿ.

ಉತ್ತರ 2: ಬರೆದು ಕೊಡಿ. ಮನಶ್ಶಾಸ್ತ್ರಜ್ಞರಾದ ಎಮ್ಮನ್ಸ್ ಮತ್ತು ಮೆಕಲಾ ಅವರ 2003ರ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಕೃತಜ್ಞತೆಯ ಸಂಗತಿಗಳನ್ನು ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಜಾಸ್ತಿ ಸಮಾಧಾನ ಇತ್ತು. ಸುಮ್ನೆ ‘ಥ್ಯಾಂಕ್ಸ್’ ಬೇಡ, ಯಾವುದಕ್ಕೆ ಅಂತ ಬರೆಯಿರಿ.

ಪ್ರಶ್ನೆ ಕೇಳಿದವರು: ಚೀಟಿ ಬರೆದು ಅಮ್ಮನ ಕನ್ನಡಕದ ಡಬ್ಬಿಯಲ್ಲಿಟ್ಟೆ. ‘ಅಪ್ಪನ ಜಾಗದಲ್ಲಿ ನನ್ನನ್ನು ಕೂರಿಸಿದಿರಿ, ಅದಕ್ಕೆ’ ಅಂತ. ಓದಿದರು. ಏನೂ ಹೇಳದೆ ಪಕ್ಕ ಬಂದು ಕೂತರು.