ಹುಬ್ಬಳ್ಳಿ-ಧಾರವಾಡದಲ್ಲಿ ಐಟಿ ಬೆಳೆಯಲು ಸರ್ಕಾರದ ರಿಯಾಯಿತಿಗಳಷ್ಟೇ ಸಾಕೇ?

ಪ್ರಶ್ನೆ: ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕಿ, ಹುಬ್ಬಳ್ಳಿ

ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಲ್ಲಿ ಬಹುಪಾಲು ಮಂದಿ ಕೆಲಸಕ್ಕಾಗಿ ಬೆಂಗಳೂರಿಗೇ ಹೋಗುತ್ತಾರೆ. ರಾಜ್ಯದ 2020–25ರ ಐಟಿ ನೀತಿಯು ಬೆಂಗಳೂರಿನಾಚೆಗೆ ಉದ್ಯಮವನ್ನು ಹರಡುವ ಉದ್ದೇಶ ಹೊಂದಿತ್ತು. ‘ಬಿಯಾಂಡ್ ಬೆಂಗಳೂರು’ ಯೋಜನೆಯಡಿ ಮೈಸೂರು, ಮಂಗಳೂರುಗಳ ಜೊತೆಗೆ ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನೂ ಒಂದು ಕ್ಲಸ್ಟರ್ ಎಂದು ಗುರುತಿಸಲಾಯಿತು. 2024ರಲ್ಲಿ ಬಂದ ಜಿಸಿಸಿ ನೀತಿಗೆ 2029ರೊಳಗೆ 500 ಹೊಸ ಜಾಗತಿಕ ಸಾಮರ್ಥ್ಯ ಕೇಂದ್ರಗಳನ್ನು (ಜಿಸಿಸಿ, ಅಂದರೆ ಬಹುರಾಷ್ಟ್ರೀಯ ಕಂಪನಿಗಳು ತಮ್ಮದೇ ಕೆಲಸಕ್ಕಾಗಿ ಇಲ್ಲಿ ತೆರೆಯುವ ಕಚೇರಿಗಳು) ರಾಜ್ಯಕ್ಕೆ ತರುವ ಗುರಿಯಿದೆ. ಇಂತಹ ನೀತಿಗಳಲ್ಲಿ ಯಾವ ಅಂಶ ನಿಜವಾಗಿ ಉದ್ಯಮವನ್ನು ಬೆಳೆಸುತ್ತದೆ, ಯಾವುದು ಹೇಗಿದ್ದರೂ ಬರಲಿದ್ದ ಕಂಪನಿಯ ಲಾಭವನ್ನಷ್ಟೇ ಹೆಚ್ಚಿಸುತ್ತದೆ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಎಂಜಿನಿಯರ್, ಬೆಂಗಳೂರು

ಮೇಡಂ, ಮೊದಲು ಕೇಂದ್ರದ ಪಾಲನ್ನೂ ರಾಜ್ಯದ ಪಾಲನ್ನೂ ಬೇರೆ ಮಾಡಿ ನೋಡಬೇಕು. ಎಚ್‌ಎಎಲ್, ಬಿಇಎಲ್, ಐಟಿಐಗಳು ಕೇಂದ್ರದ ಉದ್ಯಮಗಳು. ತಂತ್ರಾಂಶ ರಫ್ತಿಗೆಂದು ರೂಪಿಸಿದ 1991ರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ವ್ಯವಸ್ಥೆಯೂ ರಫ್ತು ಆದಾಯದ ಮೇಲಿನ ತೆರಿಗೆ ವಿನಾಯಿತಿಯೂ ಕೇಂದ್ರದ ನಿರ್ಧಾರಗಳೇ. ರಾಜ್ಯದ ಕೈಯಲ್ಲಿದ್ದದ್ದು ಭೂಮಿ, ವಿದ್ಯುತ್, ಮುದ್ರಾಂಕ ಶುಲ್ಕ ಮತ್ತು ಶಿಕ್ಷಣ.

ಕರ್ನಾಟಕವು 1976ರಲ್ಲೇ ಎಲೆಕ್ಟ್ರಾನಿಕ್ಸ್ ಅಭಿವೃದ್ಧಿ ನಿಗಮವಾದ ಕಿಯೋನಿಕ್ಸ್ ಸ್ಥಾಪಿಸಿತು. ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಅಡಿಪಾಯ ಹಾಕಿದಾಗ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇನ್ನೂ ಬೆಂಗಳೂರಿಗೆ ಬಂದಿರಲಿಲ್ಲ. ಅದು ಬಂದದ್ದು 1985ರಲ್ಲಿ. ದೇಶದಲ್ಲೇ ಮೊದಲನೆಯದೆಂದು ನಾವು ಹೆಮ್ಮೆಪಡುವ ರಾಜ್ಯ ಐಟಿ ನೀತಿ ಪ್ರಕಟವಾದದ್ದು 1997ರಲ್ಲಿ, ಅಂದರೆ ಉದ್ಯಮ ಆಗಲೇ ಬೇರೂರಿದ ಮೇಲೆ. ಆದ್ದರಿಂದ ಬೆಂಗಳೂರನ್ನು ಕಟ್ಟಿದ್ದು ರಿಯಾಯಿತಿಗಳ ಪಟ್ಟಿಯಲ್ಲ, ಬೇಡಿಕೆ ಹುಟ್ಟುವ ಮೊದಲೇ ಮಾಡಿದ ಸಿದ್ಧತೆ ಎಂಬುದು ನನ್ನ ದೃಢ ಅಭಿಪ್ರಾಯ. 1999ರಲ್ಲಿ ಸರ್ಕಾರವೂ ಉದ್ಯಮವೂ ಕೂಡಿ ಸ್ಥಾಪಿಸಿದ ಮಾಹಿತಿ ತಂತ್ರಜ್ಞಾನ ಶಿಕ್ಷಣ ಸಂಸ್ಥೆ ಐಐಐಟಿ ಬೆಂಗಳೂರನ್ನೂ ಇದೇ ಸಾಲಿಗೆ ಸೇರಿಸುತ್ತೇನೆ.

ಉತ್ತರ 2: ಸ್ಟಾರ್ಟ್‌ಅಪ್ ನಡೆಸುವವರು, ಧಾರವಾಡ

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಇಂದಿನ ಧಾರವಾಡವು 1976ರ ಸ್ಥಿತಿಯಲ್ಲಿಲ್ಲ. ಇಲ್ಲಿ ಐಐಟಿ ಇದೆ, ಐಐಐಟಿ ಇದೆ, ಹುಬ್ಬಳ್ಳಿಯಲ್ಲಿ ಐಟಿ ಪಾರ್ಕ್ ಇದೆ. ನಮಗೆ ಕೊರತೆಯಾಗಿರುವುದು ಮೊದಲ ಗ್ರಾಹಕ ಮತ್ತು ಮೊದಲ ಹಣ. ‘ಎಲಿವೇಟ್’ ಕಾರ್ಯಕ್ರಮದಲ್ಲಿ ಆಯ್ಕೆಯಾದ ಸ್ಟಾರ್ಟ್‌ಅಪ್‌ಗೆ ರಾಜ್ಯ ಸರ್ಕಾರವು ಷೇರು ಕೇಳದೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ಹೂಡಿಕೆದಾರರ ಪರಿಚಯವೇ ಇಲ್ಲದ ಊರಿನವರಿಗೆ ಇದು ನಿಜವಾದ ಆಸರೆ. ಪೇಟೆಂಟ್ ವೆಚ್ಚ ಮುಂತಾದವುಗಳ ನೆರವು ಮಾತ್ರ ಮರುಪಾವತಿಯ ರೂಪದಲ್ಲಿದೆ. ಮೊದಲು ಕೈಯಿಂದ ಖರ್ಚು ಮಾಡಿ, ಬಿಲ್ಲು ಸಲ್ಲಿಸಿ, ಮಂಜೂರಾತಿಗೆ ಕಾಯುವ ಶಕ್ತಿ ದೊಡ್ಡ ಕಂಪನಿಗಿರುತ್ತದೆ, ಐದಾರು ಜನರ ತಂಡಕ್ಕಿರುವುದಿಲ್ಲ. ಬೆಂಗಳೂರಿನ ಹೊರಗಿನ ಸಣ್ಣ ಸಂಸ್ಥೆಗಳಿಗಾದರೂ ಈ ಮೊತ್ತದ ಒಂದು ಭಾಗವನ್ನು ಮುಂಗಡವಾಗಿ ಕೊಡಬೇಕು. ಜೊತೆಗೆ ಇಲ್ಲಿನ ಪಾಲಿಕೆ, ವಿದ್ಯುತ್ ಕಂಪನಿ ಮತ್ತು ಸಾರಿಗೆ ಸಂಸ್ಥೆಗಳು ತಮಗೆ ಬೇಕಾದ ತಂತ್ರಾಂಶದ ಸಣ್ಣ ಗುತ್ತಿಗೆಗಳನ್ನು ಸ್ಥಳೀಯ ಸ್ಟಾರ್ಟ್‌ಅಪ್‌ಗಳಿಗೆ ತೆರೆದಿಟ್ಟರೆ ಅನುದಾನಕ್ಕಿಂತ ಹೆಚ್ಚು ಉಪಯೋಗವಾಗುತ್ತದೆ.

ಉತ್ತರ 3: ಕಾರ್ಮಿಕ ಕಾನೂನಿನ ವಕೀಲೆ, ಬೆಂಗಳೂರು

ಬಜೆಟ್ಟಿನಲ್ಲಿ ಕಾಣಿಸದ ಒಂದು ರಿಯಾಯಿತಿಯೂ ಇದೆ. ಉದ್ಯೋಗದ ಷರತ್ತುಗಳನ್ನು ಲಿಖಿತವಾಗಿ ನಿಗದಿಪಡಿಸಬೇಕೆನ್ನುವ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ 1946ರ ಕಾಯ್ದೆಯಿಂದ ಐಟಿ ಸಂಸ್ಥೆಗಳಿಗೆ ರಾಜ್ಯವು ವಿನಾಯಿತಿ ಕೊಡುತ್ತ ಬಂದು, 2024ರಲ್ಲಿ ಅದನ್ನು ಮತ್ತೆ 5 ವರ್ಷಗಳಿಗೆ ವಿಸ್ತರಿಸಿತು. ದೂರು ಪರಿಹಾರ ಸಮಿತಿ ಮತ್ತು ಲೈಂಗಿಕ ಕಿರುಕುಳ ತಡೆ ಸಮಿತಿ ಇರಬೇಕು, ಶಿಸ್ತುಕ್ರಮಗಳ ಮಾಹಿತಿಯನ್ನು ಕಾರ್ಮಿಕ ಇಲಾಖೆಗೆ ಕೊಡಬೇಕು ಎಂಬ ಷರತ್ತುಗಳನ್ನು ಅದಕ್ಕೆ ವಿಧಿಸಲಾಗಿತ್ತು. ಈ ವಿನಾಯಿತಿಯ ಬೆಲೆ ತೆರುವವರು ಉದ್ಯೋಗಿಗಳು. ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡವರಿಗೆ ಅದೇ ಊರಿನಲ್ಲಿ ಬೇರೆ ಕಂಪನಿಗಳಿವೆ. ಹುಬ್ಬಳ್ಳಿಯಲ್ಲಿ ಅವರು ಮತ್ತೆ ಬೆಂಗಳೂರಿಗೇ ಬರಬೇಕಾದೀತು. ಹೀಗಾಗಿ ಕ್ಲಸ್ಟರ್‌ಗಳಿಗೆ ಬರುವ ಕಂಪನಿಗೆ ಸಹಾಯಧನ ಕೊಡುವಾಗ, ಎಷ್ಟು ಉದ್ಯೋಗ ಸೃಷ್ಟಿಸಿತು ಎಂಬುದರ ಜೊತೆಗೆ ಎಷ್ಟು ಮಂದಿ 2 ವರ್ಷಗಳ ನಂತರವೂ ಅಲ್ಲೇ ಉಳಿದರು ಎಂಬುದನ್ನೂ ಸರ್ಕಾರ ಕೇಳಿ, ಆ ಉತ್ತರವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು.